ಆಮ್ಲ ಕೊರೆದ ಗೆರೆ, ಬಿಟ್ಟುಬಂದ ಮನೆ

ಚಿತ್ರಕಲೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುವುದು ಬಣ್ಣ. ರವಿವರ್ಮನ ಚಿತ್ರಗಳ ಸೀರೆಯ ಜರಿ, ಕ್ಯಾಲೆಂಡರಿನ ಲಕ್ಷ್ಮಿಯ ಕೆಂಪು, ಮಕ್ಕಳ ಎಲಿಮೆಂಟರಿ, ಇಂಟರ್ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗೆಂದು ನಾವೇ ಕೊಂಡುತಂದ ಬಣ್ಣದ ಡಬ್ಬಿಗಳು. ಆದರೆ ಬಣ್ಣದ ಹಂಗಿಲ್ಲದೆ, ಬರಿಯ ಕಪ್ಪು ಗೆರೆಗಳಿಂದಲೇ ಮನಸ್ಸನ್ನು ಹಿಡಿದು ನಿಲ್ಲಿಸುವ ಒಂದು ಕಲೆಯಿದೆ. ಅದೇ ಎಚ್ಚಿಂಗ್. ಲೋಹದ ತಗಡಿನ ಮೇಲೆ ಆಮ್ಲದಿಂದ ಗೆರೆ ಕೊರೆಸಿ, ಅದಕ್ಕೆ ಶಾಯಿ ತುಂಬಿ, ಕಾಗದದ ಮೇಲೆ ಅಚ್ಚೊತ್ತುವ ವಿದ್ಯೆ. ಊರು ಬಿಟ್ಟು ಬಂದವರ ಬದುಕಿನ ಭಾರವನ್ನು ಹೇಳುವುದಕ್ಕೆ ಇದರಷ್ಟು ಒಪ್ಪುವ ಕಲೆ ಇನ್ನೊಂದಿಲ್ಲವೇನೋ ಎಂದು ಈಚಿನ ಕೆಲವು ವರ್ಷಗಳಿಂದ ನನಗೆ ಅನ್ನಿಸುತ್ತಿದೆ.

ನಾನು ಕಲಾವಿಮರ್ಶಕಿಯೇನೂ ಅಲ್ಲ. ಮೂವತ್ತು ವರ್ಷಗಳ ಹಿಂದೆ ಊರಿನ ಕಾಲೇಜಿನಲ್ಲಿ ಇಂಗ್ಲಿಷ್ ಬಿ.ಎ. ಮಾಡಿ, ಮದುವೆಯಾಗಿ ಮುಂಬಯಿಗೆ ಬಂದು, ಅಂದಿನಿಂದ ಇಂದಿನವರೆಗೆ ಮನೆ ನಡೆಸಿಕೊಂಡು ಬಂದವಳು. ನನಗೆ ಈ ಕಲೆಯ ಪರಿಚಯವಾದದ್ದು ಕಲಾಶಾಲೆಯಲ್ಲಿ ಓದಿದ ನನ್ನ ತಂಗಿಯ ಮಗಳಿಂದ. ಅವಳು ಮೂರು ವರ್ಷ ನಮ್ಮ ಮನೆಯಲ್ಲಿದ್ದು ಓದಿದಳು. ಸಂಜೆ ಬಂದು ಉಗುರಿನ ಸಂದಿಯ ಶಾಯಿಯನ್ನು ನಿಂಬೆಸಿಪ್ಪೆಯಿಂದ ಉಜ್ಜಿಕೊಳ್ಳುತ್ತಾ ಅವಳು ಹೇಳುತ್ತಿದ್ದ ಮಾತುಗಳನ್ನು ಚಪಾತಿ ಲಟ್ಟಿಸುತ್ತಾ ಕೇಳಿದವಳು ನಾನು. ಆಮೇಲೆ ಒಂದೆರಡು ಸಲ ಅವರ ಕಾರ್ಯಾಗಾರಕ್ಕೂ ಹೋಗಿ ಕಣ್ಣಾರೆ ನೋಡಿದೆ.

ನಮ್ಮ ಅಮ್ಮಂದಿರು ಮದುವೆಗೆ ಕೊಟ್ಟ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತಿದ್ದರಲ್ಲ, ಅದು ಹೇಗೆಂದು ನಮಗೆಲ್ಲ ಗೊತ್ತು. ಅಂಗಡಿಯವನು ಉಳಿಯ ಮೊನೆಯಿಂದಲೋ ಯಂತ್ರದಿಂದಲೋ ಚುಕ್ಕೆ ಚುಕ್ಕೆಯಾಗಿ ಲೋಹವನ್ನು ಕೊರೆದು ಹೆಸರು ಮೂಡಿಸುತ್ತಾನೆ. ಎಚ್ಚಿಂಗ್ ಹಾಗಲ್ಲ. ತಾಮ್ರದ ಅಥವಾ ಸತುವಿನ ತಗಡನ್ನು ಕನ್ನಡಿಯಂತೆ ಉಜ್ಜಿ, ಮೇಣ, ರಾಳ, ಡಾಂಬರಿನ ಜಾತಿಯ ವಸ್ತು ಇವುಗಳನ್ನು ಬೆರೆಸಿದ ತೆಳುವಾದ ಲೇಪವನ್ನು ಅದರ ಮೇಲೆ ಹಚ್ಚುತ್ತಾರೆ. ಲೇಪ ಗಟ್ಟಿಯಾದ ಮೇಲೆ ಸೂಜಿಯಂಥ ಮೊನೆಯಿಂದ ಚಿತ್ರ ಬರೆಯುತ್ತಾರೆ. ಕೈಗೆ ಬಲ ಬೇಕಿಲ್ಲ. ರಂಗೋಲಿಯಷ್ಟೇ ಹಗುರವಾಗಿ ಬರೆದರೆ ಸಾಕು. ಸೂಜಿ ಮೇಣವನ್ನು ಸರಿಸಿ ಆ ಜಾಗದಲ್ಲಿ ಲೋಹವನ್ನು ಬಯಲು ಮಾಡುತ್ತದೆ, ಅಷ್ಟೇ. ಅನಂತರ ತಗಡನ್ನು ನೀರು ಬೆರೆಸಿದ ಆಮ್ಲದಲ್ಲಿ ಮುಳುಗಿಸಿಡುತ್ತಾರೆ. ಮೇಣದ ಹೊದಿಕೆ ಇರುವ ಕಡೆ ಆಮ್ಲ ಏನೂ ಮಾಡಲಾರದು. ಹೊದಿಕೆ ಹರಿದ ಕಡೆ ಮಾತ್ರ ಅದು ಲೋಹವನ್ನು ತಿನ್ನುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಕೂದಲೆಳೆಯಂಥ ಗೆರೆ, ಹೆಚ್ಚು ಹೊತ್ತು ಬಿಟ್ಟರೆ ಆಳವಾದ, ದಪ್ಪನೆಯ ಗೆರೆ. ನಿಜವಾಗಿ ಕೊರೆಯುವುದು ಕಾಲ.

ತಗಡನ್ನು ಹೊರತೆಗೆದು ಲೇಪವನ್ನೆಲ್ಲ ತೊಳೆದು, ಶಾಯಿ ಮೆತ್ತಿ, ಒರಟು ಜಾಳು ಬಟ್ಟೆಯಿಂದಲೂ ಕೊನೆಗೆ ಅಂಗೈಯಿಂದಲೂ ಒರೆಸುತ್ತಾರೆ. ಮೇಲಿನ ಶಾಯಿ ಹೋಗಿ, ಕೊರೆದ ಗೆರೆಗಳ ಒಳಗಿನದು ಮಾತ್ರ ಉಳಿಯುತ್ತದೆ. ನೆನೆಸಿ ಮೆತ್ತಗಾದ ಕಾಗದವನ್ನು ತಗಡಿನ ಮೇಲೆ ಹಾಸಿ, ಮೇಲೆ ಕಂಬಳಿ ಹೊದಿಸಿ, ಎರಡು ಕಬ್ಬಿಣದ ಉರುಳೆಗಳ ನಡುವೆ ಒತ್ತಿ ಹಾಯಿಸುತ್ತಾರೆ. ಕಬ್ಬಿನ ಹಾಲಿನ ಗಾಡಿಯನ್ನು ನೆನಪಿಸಿಕೊಂಡರೆ ಈ ಯಂತ್ರದ ಅಂದಾಜು ಸಿಗುತ್ತದೆ. ಆ ಒತ್ತಡಕ್ಕೆ ಕಾಗದ ಗೆರೆಗಳೊಳಗೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಆದ್ದರಿಂದಲೇ ಎಚ್ಚಿಂಗಿನ ಗೆರೆ ಕಾಗದದ ಮೇಲೆ ತುಸು ಉಬ್ಬಿ ನಿಂತಿರುತ್ತದೆ, ಬೆರಳಿಗೆ ತಗಲುತ್ತದೆ. ಸುತ್ತಲೂ ತಗಡಿನ ಅಂಚು ಕಾಗದದಲ್ಲಿ ತಗ್ಗಾಗಿ ಮೂಡಿರುತ್ತದೆ. ಬರೆದ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಾಗಿ ಬರುತ್ತದೆ. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದರ ಪ್ರಸ್ತಾಪ ಬರುತ್ತದೆ.

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಊರು ಬಿಡುವ ದಿನವೂ ಹೀಗೆಯೇ, ಮೇಣದ ಮೇಲೆ ಸೂಜಿ ಎಳೆದಷ್ಟು ಹಗುರ. ನಮ್ಮಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯಲು ಹನ್ನೆರಡು ವರ್ಷಕ್ಕೇ ಮುಂಬಯಿಗೆ ಬಂದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರಿರಲಿ, ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದವರಿರಲಿ, ನನ್ನಂತೆ ಮದುವೆಯಾಗಿ ಬಂದವರಿರಲಿ, ಹೊರಟ ದಿನ ಅತ್ತವರು ಕಡಿಮೆ. ಹೊಸ ಊರಿನ ಉತ್ಸಾಹ, ಸಂಬಳದ ಆಸೆ, ಗಂಟು ಕಟ್ಟುವ ಗಡಿಬಿಡಿ. ಆ ದಿನ ಆದದ್ದು ಇಷ್ಟೇ: ಮೈಮೇಲಿದ್ದ ಒಂದು ಹೊದಿಕೆ ಒಂದು ಕಡೆ ಸರಿಯಿತು. ತಿನ್ನುವ ಕೆಲಸ ಆಮೇಲೆ, ವರ್ಷಗಟ್ಟಲೆ, ಸದ್ದಿಲ್ಲದೆ ನಡೆಯುತ್ತದೆ.

ಎಲ್ಲ ಗೆರೆಗಳೂ ಒಂದೇ ಆಳಕ್ಕೆ ಇಳಿಯುವುದಿಲ್ಲ ಎಂಬುದನ್ನೂ ಈ ಕಲೆ ಬಲ್ಲದು. ಲೊರೇನ್ ಪ್ರಾಂತ್ಯದ ನ್ಯಾನ್ಸಿ ಎಂಬ ಊರಿನ ಜಾಕ್ ಕ್ಯಾಲೊ (1592–1635) ಇದರಲ್ಲಿ ಪಳಗಿದ ಕೈ. ತಗಡನ್ನು ಸ್ವಲ್ಪ ಹೊತ್ತು ಆಮ್ಲದಲ್ಲಿಟ್ಟು ಹೊರತೆಗೆದು, ತೆಳುವಾಗಿ ಉಳಿಯಬೇಕಾದ ಗೆರೆಗಳಿಗೆ ವಾರ್ನಿಷ್ ಬಳಿದು ಮುಚ್ಚಿ, ಉಳಿದವನ್ನು ಮತ್ತೆ ಆಮ್ಲಕ್ಕೆ ಒಡ್ಡುವುದು ಅವನ ಕ್ರಮ. ಹೀಗೆ ಎರಡು ಮೂರು ಬಾರಿ. ದೂರದ ಬೆಟ್ಟ ತೆಳುವಾಗಿ, ಹತ್ತಿರದ ಮನುಷ್ಯ ಕಪ್ಪಾಗಿ ಕಾಣುವುದು ಇದರಿಂದ. ಅಲೆಮಾರಿ ಜಿಪ್ಸಿಗಳ ಮೇಲೆ ಅವನು ನಾಲ್ಕು ತಗಡುಗಳ ಒಂದು ಸರಣಿಯನ್ನೇ ಮಾಡಿದ್ದಾನೆ: ಕುದುರೆಗಳ ಮೇಲೆ ಹೆಂಗಸರು, ಮಕ್ಕಳು, ಗಂಟುಮೂಟೆ. ಒಂದೇ ಊರಿನಿಂದ, ಒಂದೇ ಬಸ್ಸಿನಲ್ಲಿ ಬಂದ ಇಬ್ಬರಲ್ಲಿ ಒಬ್ಬರಿಗೆ ಅಣ್ಣನ ಮನೆಯೋ ಕಂಪನಿಯ ಕ್ವಾರ್ಟರ್ಸೋ ಸಿಕ್ಕಿ ಬೇಗ ಹೊದಿಕೆ ದೊರೆಯುತ್ತದೆ. ಇನ್ನೊಬ್ಬರು ಹಾಗೆಯೇ ಆಮ್ಲದಲ್ಲಿ ಉಳಿಯುತ್ತಾರೆ. ಇದನ್ನು ನಾವು ನೋಡಿಲ್ಲವೇ?

ರೆಂಬ್ರಾಂಟನ ಹೆಸರನ್ನು ಎಲ್ಲರೂ ಕೇಳಿರುತ್ತಾರೆ. ಹಾಲೆಂಡಿನ ಈ ಮಹಾಕಲಾವಿದನ ತೈಲವರ್ಣಗಳಷ್ಟೇ ಎಚ್ಚಿಂಗುಗಳೂ ಪ್ರಸಿದ್ಧ. ಹೆರೋದ ರಾಜನ ಕತ್ತಿಯಿಂದ ಮಗುವನ್ನು ಉಳಿಸಲು ಜೋಸೆಫ್ ಮತ್ತು ಮೇರಿ ರಾತ್ರೋರಾತ್ರಿ ಈಜಿಪ್ಟಿಗೆ ಓಡಿಹೋದ ಬೈಬಲ್ ಕಥೆಯನ್ನು ಅವನು ಮತ್ತೆ ಮತ್ತೆ ಕೊರೆದಿದ್ದಾನೆ. ನಮ್ಮಲ್ಲಿ ವಸುದೇವ ಬುಟ್ಟಿ ಹೊತ್ತು ಯಮುನೆ ದಾಟಿದ ಹಾಗೆಯೇ. 1651ರ ಒಂದು ಎಚ್ಚಿಂಗಿನಲ್ಲಿ ಜೋಸೆಫನ ಕೈಯಲ್ಲಿರುವ ಲಾಂದ್ರವೊಂದೇ ಬೆಳಕು, ಉಳಿದದ್ದೆಲ್ಲ ಕತ್ತಲೆ. ತಗಡಿನ ಮೇಲೆ ಮತ್ತೆ ಮತ್ತೆ ಕೆಲಸ ಮಾಡಿ ಅವನು ಆ ಕತ್ತಲನ್ನು ಇನ್ನೂ ಇನ್ನೂ ದಟ್ಟ ಮಾಡುತ್ತಾ ಹೋದ. ಹೀಗೆ ತಿದ್ದಿದಾಗಲೆಲ್ಲ ತೆಗೆದ ಪ್ರತಿಗಳನ್ನು ಮೊದಲನೆಯ ಸ್ಥಿತಿ, ಎರಡನೆಯ ಸ್ಥಿತಿ ಎಂದು ಎಣಿಸುವುದು ಈ ಕಲೆಯಲ್ಲಿ ರೂಢಿ.

ಅವನದೇ ಇನ್ನೊಂದು ಚಿತ್ರದ ಕಥೆ ನನಗೆ ಇನ್ನೂ ಹೆಚ್ಚು ಹಿಡಿಸಿತು. ಹರ್ಕ್ಯುಲಿಸ್ ಸೇಗರ್ಸ್ ಎಂಬ ಹಿರಿಯ ಕಲಾವಿದ ಕೊರೆದಿದ್ದ ಒಂದು ತಗಡು ರೆಂಬ್ರಾಂಟನ ಕೈಸೇರಿತು. ಅದರಲ್ಲಿ ಒಬ್ಬ ದೇವದೂತ, ಟೋಬಿಯಸ್ ಎಂಬ ಹುಡುಗ, ಇಬ್ಬರೂ ನಡೆದುಹೋಗುತ್ತಿದ್ದರು. ಸುಮಾರು 1653ರಲ್ಲಿ ರೆಂಬ್ರಾಂಟ್ ಆ ಎರಡು ದೊಡ್ಡ ಆಕೃತಿಗಳನ್ನು ಕೆರೆದು, ಉಜ್ಜಿ ಅಳಿಸಿ, ಅದೇ ಜಾಗದಲ್ಲಿ ಮರಗಳನ್ನೂ ಅವುಗಳ ನಡುವೆ ಊರು ಬಿಟ್ಟು ಹೋಗುತ್ತಿರುವ ಆ ಸಣ್ಣ ಕುಟುಂಬವನ್ನೂ ಕೊರೆದ. ಆದರೆ ಲೋಹ ತನ್ನ ಹಳೆಯದನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ದೇವದೂತನ ದೊಡ್ಡ ರೆಕ್ಕೆಯ ಗುರುತು ಮರದ ಎಲೆಗಳ ನಡುವೆ ಇಂದಿಗೂ ಕಾಣುತ್ತದೆ. ತಂಗಿಯ ಮಗಳು ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದಾಗ ನಾನು ಬಹಳ ಹೊತ್ತು ನೋಡಿದೆ. ಕಾಗದದ ಮೇಲೆ ಪೆನ್ಸಿಲಿನಿಂದ ಬರೆದದ್ದನ್ನು ರಬ್ಬರಿನಿಂದ ಅಳಿಸಿಬಿಡಬಹುದು. ಲೋಹದಲ್ಲಿ ಕೊರೆದದ್ದನ್ನು ಅಳಿಸಿದರೂ ಅಳಿಸಿದ್ದರ ಗುರುತು ಉಳಿಯುತ್ತದೆ.

ಸ್ಪೇನಿನ ಗೋಯಾ ನೆಪೋಲಿಯನ್ನನ ಸೈನ್ಯ ತನ್ನ ದೇಶದಲ್ಲಿ ಮಾಡಿದ ಅನಾಹುತವನ್ನು 1810ರಿಂದ 1820ರವರೆಗೆ ತಗಡಿನ ಮೇಲೆ ಕೊರೆದ. 'ಯುದ್ಧದ ವಿಪತ್ತುಗಳು' ಎಂಬ ಈ ಸರಣಿಯ 80 ಚಿತ್ರಗಳು ಪ್ರಕಟವಾದದ್ದು 1863ರಲ್ಲಿ, ಅವನು ತೀರಿಕೊಂಡು 35 ವರ್ಷಗಳ ಮೇಲೆ. ಅದರಲ್ಲಿ 44ನೆಯ ಚಿತ್ರ ಊರು ಬಿಟ್ಟು ಓಡುವವರದು. ತಾಯಿಯೊಬ್ಬಳು ಒಂದು ಕೂಸನ್ನು ಎತ್ತಿಕೊಂಡು, ಹಿಂದೆ ಬಿದ್ದ ಇನ್ನೊಂದು ಮಗುವಿನತ್ತ ಕೈ ಚಾಚಿದ್ದಾಳೆ. ಯಾವುದರಿಂದ ಓಡುತ್ತಿದ್ದಾರೆ ಎಂಬುದನ್ನು ಅವನು ಬರೆದೇ ಇಲ್ಲ. ಕೆಳಗೆ 'ನಾನು ಇದನ್ನು ಕಂಡೆ' ಎಂಬ ಶೀರ್ಷಿಕೆ ಮಾತ್ರ.

ಬಿ.ಎ. ತರಗತಿಯಲ್ಲಿ ನಮಗೆ ಆಲಿವರ್ ಗೋಲ್ಡ್‌ಸ್ಮಿತ್ 1770ರಲ್ಲಿ ಪ್ರಕಟಿಸಿದ 'ದಿ ಡೆಸರ್ಟೆಡ್ ವಿಲೇಜ್' ಪಾಠಕ್ಕಿತ್ತು. ಧನಿಕರು ಜಮೀನನ್ನೆಲ್ಲ ನುಂಗಿ, ಹಳ್ಳಿಯವರು ಹಡಗು ಹತ್ತಿ ದೇಶ ಬಿಟ್ಟು ಹೋದ ಮೇಲೆ ಬರಿದಾಗಿ ಉಳಿದ ಊರಿನ ಕಥೆ. ಪರೀಕ್ಷೆಗೆಂದು ಅದರ ಸಾರಾಂಶವನ್ನು ಬಾಯಿಪಾಠ ಮಾಡಿದ್ದೆವು. 1841ರಲ್ಲಿ ಲಂಡನ್ನಿನ ಎಚ್ಚಿಂಗ್ ಕ್ಲಬ್ ಎಂಬ ಕಲಾವಿದರ ಕೂಟ ಈ ಕಾವ್ಯವನ್ನೇ ಎಚ್ಚಿಂಗ್ ಚಿತ್ರಗಳೊಂದಿಗೆ ಪುಸ್ತಕವಾಗಿ ತಂದಿತು ಎಂದು ಈಗ ತಿಳಿದು ಸಂತೋಷವಾಯಿತು. ಹಾಳುಬಿದ್ದ ಹಳ್ಳಿಗೆ ಚಿತ್ರ ಬರೆಯಬೇಕೆಂದಾಗ ಅವರಿಗೂ ಹೊಳೆದದ್ದು ಆಮ್ಲ ಮತ್ತು ತಗಡು.

ಇವೆಲ್ಲ ದೂರದ ದೇಶಗಳ, ಹಳೆಯ ಕಾಲದ ಮಾತಾಯಿತು ಎನ್ನಬಹುದು. ಹತ್ತಿರದ್ದನ್ನೇ ಹೇಳುತ್ತೇನೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು, ಕೆಲಸವೂ ಕೂಲಿಯೂ ನಿಂತು, ಮುಂಬಯಿಯ ಸಾವಿರಾರು ಕೂಲಿಕಾರರು ನಾಸಿಕದ ಹೆದ್ದಾರಿ ಹಿಡಿದು ನಡೆದೇ ಊರಿಗೆ ಹೊರಟದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ತಲೆಯ ಮೇಲೆ ಚೀಲ, ಸೊಂಟದಲ್ಲಿ ಮಗು, ಹರಿದ ಚಪ್ಪಲಿ. ಎಂಬತ್ತರ ಹತ್ತಿರವಿದ್ದ ನನ್ನ ಅತ್ತೆ ಆಗ ನಮ್ಮ ಜೊತೆಗಿದ್ದರು. ಅವರ ನೆನಪು ಮಸುಕಾಗತೊಡಗಿ ಎರಡು ವರ್ಷವಾಗಿತ್ತು. ಆದರೆ ನಡೆಯುವವರ ಚಿತ್ರವನ್ನು ಮಾತ್ರ ಮರೆಯಲಿಲ್ಲ. ದಿನಾ ಬೆಳಿಗ್ಗೆ ಕಾಫಿ ಕೊಡುವಾಗ ಕೇಳುತ್ತಿದ್ದರು: "ಅವರು ಊರಿಗೆ ಮುಟ್ಟಿದ್ರಾ?" ನಾನು "ಮುಟ್ಟಿದ್ರಂತೆ ಅತ್ತೆ" ಎನ್ನುತ್ತಿದ್ದೆ. ಮರುದಿನ ಮತ್ತೆ ಅದೇ ಪ್ರಶ್ನೆ. ಟಿ.ವಿ.ಯವರು ಅಳುವ ಮುಖಗಳನ್ನು ಹತ್ತಿರದಿಂದ ತೋರಿಸುತ್ತಿದ್ದರು, ಮರುಕ್ಷಣಕ್ಕೆ ಸೋಪಿನ ಜಾಹೀರಾತು ಬರುತ್ತಿತ್ತು. ಮೂರು ತಿಂಗಳಲ್ಲಿ ಆ ಚಿತ್ರಗಳು ಮರೆಯಾದವು. ಬೇಗ ತೆಗೆದದ್ದು ಬೇಗ ಹೋಗುತ್ತದೆ.

ಅದೇ ವರ್ಷ ಏಪ್ರಿಲ್ 25ರಂದು ಲಂಡನ್ನಿನಲ್ಲಿ ಜರೀನಾ ಹಾಶ್ಮಿ ತೀರಿಕೊಂಡರು. ನನ್ನ ಈ ಲೇಖನದ ನಾಯಕಿ ಅವರೇ. 1937ರಲ್ಲಿ ಅಲಿಗಢದಲ್ಲಿ ಹುಟ್ಟಿದ ಜರೀನಾ ಅಲ್ಲಿಯ ವಿಶ್ವವಿದ್ಯಾನಿಲಯದ ಇತಿಹಾಸದ ಪ್ರಾಧ್ಯಾಪಕರ ಮಗಳು. ಓದಿದ್ದು ಗಣಿತ. ರಾಯಭಾರ ಕಚೇರಿಯ ಅಧಿಕಾರಿಯನ್ನು ಮದುವೆಯಾಗಿ ಬ್ಯಾಂಕಾಕಿಗೆ ಹೋದರು. ಮುಂದೆ ಪ್ಯಾರಿಸಿನಲ್ಲಿ ಹೇಟರ್ ಎಂಬ ಗುರುವಿನ ಕಾರ್ಯಾಗಾರದಲ್ಲಿ ಮುದ್ರಣಕಲೆಯನ್ನು ಕಲಿತರು. ಆಮೇಲೆ ದೆಹಲಿ, ಟೋಕಿಯೊ, ಕೊನೆಗೆ ನ್ಯೂಯಾರ್ಕ್. ಅವರು ಹೊರದೇಶದಲ್ಲಿದ್ದಾಗಲೇ, 1959ರಲ್ಲಿ, ತಂದೆತಾಯಿ ಪಾಕಿಸ್ತಾನಕ್ಕೆ ಹೋಗಿ ನೆಲೆಸಿದರು. ಹುಟ್ಟಿ ಬೆಳೆದ ಮನೆ ಒಂದು ದೇಶದಲ್ಲಿ, ಹೆತ್ತವರು ಇನ್ನೊಂದು ದೇಶದಲ್ಲಿ, ತಾನು ಮೂರನೆಯ ದೇಶದಲ್ಲಿ.

1997ರಲ್ಲಿ ಅವರು ಒಂಬತ್ತು ಎಚ್ಚಿಂಗುಗಳ ಒಂದು ಸಂಪುಟ ಮಾಡಿದರು. 'ಹೋಮ್ಸ್ ಐ ಮೇಡ್, ಎ ಲೈಫ್ ಇನ್ ನೈನ್ ಲೈನ್ಸ್' ಎಂದು ಹೆಸರು. ನಾನು ಮಾಡಿಕೊಂಡ ಮನೆಗಳು, ಒಂಬತ್ತು ಗೆರೆಗಳಲ್ಲಿ ಒಂದು ಬದುಕು ಎಂದು ಅರ್ಥ. ದೇಶದೇಶಗಳಲ್ಲಿ ತಾವು ಸಂಸಾರ ಹೂಡಿದ ಮನೆಗಳ ನಕ್ಷೆಗಳು ಅವು. ಅದಕ್ಕೂ ಮೊದಲು 1994ರಲ್ಲಿ 'ಫಾದರ್ಸ್ ಹೌಸ್ 1898–1994' ಎಂಬ ಎಚ್ಚಿಂಗಿನಲ್ಲಿ ಅಲಿಗಢದ ತವರುಮನೆಯ ನಕ್ಷೆಯನ್ನು ಕೊರೆದಿದ್ದರು. ಇವುಗಳಲ್ಲಿ ಮನುಷ್ಯರಿಲ್ಲ, ಮುಖವಿಲ್ಲ, ಕಣ್ಣೀರಿಲ್ಲ. ಗೋಡೆ, ಬಾಗಿಲು, ಅಂಗಳ. ಬಿಲ್ಡರುಗಳು ಹಂಚುವ ಬಣ್ಣದ ಕಾಗದದಲ್ಲೂ ಇಂಥದೇ ನಕ್ಷೆ ಇರುತ್ತದಲ್ಲ ಎಂದು ನಾನು ಕೇಳಿದ್ದುಂಟು. ಆದರೆ ಬಿಲ್ಡರನ ನಕ್ಷೆ ಇನ್ನು ಮೇಲೆ ಬರುವ ಮನೆಯದು. ಇದು ಇನ್ನಿಲ್ಲದ ಮನೆಯದು. ಗೋಡೆಯೆಂದು ಎಳೆದ ಪ್ರತಿ ಗೆರೆಯೂ ಲೋಹವನ್ನು ತಿಂದು ಮಾಡಿದ ಹಳ್ಳ. ಕಾಗದ ಆ ಹಳ್ಳಕ್ಕಿಳಿದು ಮೇಲೆ ಬಂದಿದೆ. ಭಾರ ಎನ್ನುವುದು ಇಲ್ಲಿ ಬರಿಯ ಮಾತಲ್ಲ, ಕಾಗದ ನಿಜವಾಗಿಯೂ ಹೊತ್ತದ್ದು. ಅಳುವ ಮುಖ ಬರೆದಿದ್ದರೆ ಆ ದುಃಖ ಅವರೊಬ್ಬರದೇ ಆಗುತ್ತಿತ್ತು. ಬಾಗಿಲು, ಅಂಗಳ ಬರೆದದ್ದರಿಂದ ಯಾರು ಬೇಕಾದರೂ ತಮ್ಮ ಮನೆಯನ್ನು ನೆನೆದು ಒಳಗೆ ಹೋಗಬಹುದು. ನಾನು ಹೋದದ್ದು ಹಾಗೆ.

ನನ್ನ ಅತ್ತೆ ಕುಂದಾಪುರದ ಕಡೆಯ ಹಳ್ಳಿಯೊಂದರ ಮನೆಗೆ ಸೊಸೆಯಾಗಿ ಬಂದು, 1961ರಲ್ಲಿ ಹದಿನೆಂಟನೆಯ ವಯಸ್ಸಿಗೆ ಗಂಡನ ಜೊತೆ ಮುಂಬಯಿಗೆ ಬಂದವರು. ಮಾವನವರು ಹಗಲು ಕ್ಯಾಂಟೀನಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು. ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ ಹದಿನಾರು ವರ್ಷ, ಆಮೇಲೆ ಡೊಂಬಿವಲಿ. ಅತ್ತೆ ಊರನ್ನು ನೆನೆದು ಕೊರಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅವರಿಗೆ ಪುರಸೊತ್ತೇ ಇರಲಿಲ್ಲ. ಊರಿನ ಮನೆಯಲ್ಲಿ ನನ್ನ ಮೈದುನ ಇದ್ದ, ಮೇ ತಿಂಗಳಲ್ಲಿ ಹೋಗಿಬರುತ್ತಿದ್ದೆವು, ಹಲಸು ಮಾವು ತಿಂದು ಹಪ್ಪಳ ಕಟ್ಟಿಕೊಂಡು ಬರುತ್ತಿದ್ದೆವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲಂತೂ ಊರು ಹತ್ತಿರವಾಯಿತು. 2009ರಲ್ಲಿ ಮೈದುನ ಆ ಮನೆಯನ್ನು ಮಾರಿದ. ಕೊಂಡವರು ಅದನ್ನು ಕೆಡವಿ ವಸತಿ ಕಟ್ಟಡ ಕಟ್ಟಿದರು. ನನ್ನ ಯಜಮಾನರಿಗೂ ನಾದಿನಿಗೂ ಮನಸ್ಸಿಗೆ ಬಹಳ ನೋವಾಯಿತು. ಸಹಿ ಹಾಕಿದರು, ಆದರೆ ಮಾತು ಕಡಿಮೆಯಾಯಿತು. ಹಬ್ಬಕ್ಕೊಂದು ಫೋನು ಮಾತ್ರ ಉಳಿಯಿತು. ಅತ್ತೆ ಆಗಲೂ ಏನೂ ಹೇಳಲಿಲ್ಲ.

ಅವರ ನೆನಪು ಕೆಡತೊಡಗಿದ ಮೇಲೆ ಆ ಮನೆ ಹೊರಗೆ ಬಂತು. ರಾತ್ರಿ ಎದ್ದು ನಮ್ಮ ಫ್ಲಾಟಿನಲ್ಲಿ ಬಚ್ಚಲಿಗೆ ಹೋಗುವವರು ಎಡಕ್ಕೆ ತಿರುಗುವ ಬದಲು ನೇರ ಹೋಗಿ ಗೋಡೆಯ ಎದುರು ನಿಲ್ಲುತ್ತಿದ್ದರು. ಅಲ್ಲಿ ಹಿತ್ತಿಲ ಬಾಗಿಲಿರಬೇಕಿತ್ತು. ಗೋಡೆ ಸವರಿ "ಅಗಳಿ ಯಾರು ಹಾಕಿದ್ದು?" ಎಂದು ಕೇಳುತ್ತಿದ್ದರು. ಬಾಲ್ಕನಿಗೆ ಕಾಲಿಡುವಾಗ ಇಲ್ಲದ ಮೆಟ್ಟಿಲನ್ನು ಇಳಿಯುವಂತೆ ಒಂದು ಹೆಜ್ಜೆ ತಗ್ಗಿಸುತ್ತಿದ್ದರು. ಮೊಮ್ಮಕ್ಕಳ ಹೆಸರು ಮರೆತರೂ ಕಾಲು ಮರೆತಿರಲಿಲ್ಲ. ಅರವತ್ತು ವರ್ಷದ ಹಿಂದೆ ಎಳೆದ ಗೆರೆ ಈಗ ಇಷ್ಟು ಆಳಕ್ಕಿಳಿದಿತ್ತು.

ತಂಗಿಯ ಮಗಳೇ ಹೇಳಿದಳು, "ದೊಡ್ಡಮ್ಮ, ಅಜ್ಜಿ ಹೇಳಿದ ಹಾಗೆ ಆ ಮನೆಯನ್ನು ನೀವು ಬರೆದುಕೊಡಿ, ನಾನು ತಗಡಿನ ಮೇಲೆ ಕೊರೆಯುತ್ತೇನೆ." ಮಧ್ಯಾಹ್ನದ ಹೊತ್ತು ಅತ್ತೆಯ ಪಕ್ಕ ಕೂತು ಕೇಳುತ್ತಾ ಹೋದೆ. ಅಂಗಳ, ತುಳಸಿಕಟ್ಟೆ, ಜಗಲಿ, ಚಾವಡಿ, ದೇವರ ಕೋಣೆ, ಅಡುಗೆಮನೆ, ಅದರಾಚೆ ಬಾವಿ, ಬಚ್ಚಲು, ಹಟ್ಟಿ. ಒಂದು ದಿನ ಹೇಳಿದ್ದನ್ನು ಇನ್ನೊಂದು ದಿನ ಕೇಳಿದರೂ ಒಂದಿಷ್ಟೂ ಬದಲಾಗುತ್ತಿರಲಿಲ್ಲ. ಹುಡುಗಿ ಅಂಗೈಯಗಲದ ಸತುವಿನ ತಗಡಿನ ಮೇಲೆ ಮೊದಲು ಒಂದು ಪ್ರಯೋಗದ ಪ್ರತಿ ತೆಗೆದು ತಂದಳು. ಅತ್ತೆ ಕನ್ನಡಕ ಹಾಕಿಕೊಳ್ಳಲಿಲ್ಲ. ಉಬ್ಬಿದ ಗೆರೆಗಳ ಮೇಲೆ ಬೆರಳಾಡಿಸಿ ಜಗಲಿಯಿಂದ ಒಳಗೆ ಹೋದರು, ಚಾವಡಿ ದಾಟಿದರು, ಅಡುಗೆಮನೆಯ ಹತ್ತಿರ ಬೆರಳು ನಿಂತಿತು. "ಬಾವಿ ಈ ಬದಿಗೆ ಅಲ್ಲ ಮಗಾ. ಬಲಗೈ ಬದಿಗೆ ಇದ್ದದ್ದು. ಇದು ಯಾರ ಮನೆ?" ಎಂದರು.

ಅಚ್ಚಿನಲ್ಲಿ ಎಡಬಲ ಬದಲಾಗುತ್ತದೆಂದು ಮೊದಲೇ ಹೇಳಿದೆನಲ್ಲ, ಇದು ಅದೇ. ಹುಡುಗಿ ನಕ್ಕು, ಇನ್ನೊಂದು ತಗಡಿನ ಮೇಲೆ ಎಲ್ಲವನ್ನೂ ತಿರುಗಿಸಿ ಕೊರೆದಳು. ಎರಡನೆಯ ಸಲ ಬೆರಳು ಎಲ್ಲೂ ನಿಲ್ಲಲಿಲ್ಲ. ಬಾವಿಯ ಹತ್ತಿರ ಸ್ವಲ್ಪ ಹೊತ್ತು ಇಟ್ಟು, ಹಟ್ಟಿಯವರೆಗೆ ಹೋಗಿ, ಮರಳಿ ಅಡುಗೆಮನೆಗೆ ಬಂದರು. ಆ ಕಾಗದವನ್ನು ದಿಂಬಿನ ಕೆಳಗೆ ಇಡಿಸಿಕೊಂಡರು. ರಾತ್ರಿ ಏಳುವುದು ನಿಂತಿತು ಎಂದು ನಾನು ಹೇಳುವುದಿಲ್ಲ. ನಿಲ್ಲಲಿಲ್ಲ. ಆದರೆ ಹಗಲು ಹೊತ್ತಿನಲ್ಲಿ ಅದನ್ನು ಕೈಯಲ್ಲಿಟ್ಟುಕೊಂಡಾಗ ಅವರ ಮುಖದಲ್ಲಿ ಗಾಬರಿ ಇರುತ್ತಿರಲಿಲ್ಲ.

ಆ ತಗಡಿನಿಂದ ಏಳು ಪ್ರತಿ ತೆಗೆದಳು. ಮುದ್ರಣಕಲೆಯ ದೊಡ್ಡ ಗುಣವೇ ಇದು. ಒಂದು ಮನೆಯನ್ನು ಪಾಲು ಮಾಡದೆ ಏಳು ಮಂದಿಗೆ ಕೊಡಬಹುದು, ಟಪಾಲಿನಲ್ಲಿ ಕಳಿಸಬಹುದು. ಬೆಳಗಾವಿಯ ನಾದಿನಿಗೆ, ಶಾರ್ಜಾದಲ್ಲಿರುವ ಅವಳ ಮಗನಿಗೆ, ಪುಣೆಯ ಬಂಧುಗಳಿಗೆ ಹೋದವು. ನಾದಿನಿ ಫೋನು ಮಾಡಿ ಅತ್ತಳು. ಕುಂದಾಪುರದ ಮೈದುನನಿಗೂ ಒಂದು ಕಳಿಸಿದೆ. ನಾಲ್ಕು ದಿನ ಸದ್ದಿಲ್ಲ. ಐದನೆಯ ದಿನ ಫೋನು ಬಂತು.

"ಅತ್ತಿಗೆ, ಚಿತ್ರ ಲಾಯ್ಕಿದೆ. ಆದರೆ ಪಡುಬದಿಯ ಕೋಣೆ ಎಲ್ಲಿ?"

ಆ ಕೋಣೆಯನ್ನು ಅವನು ತನ್ನ ಮದುವೆಯ ಹೊತ್ತಿಗೆ, 1985ರಲ್ಲಿ ಕಟ್ಟಿಸಿದ್ದ. ಅತ್ತೆಯ ಮನೆಯಲ್ಲಿ ಅದು ಇರಲಿಲ್ಲ. ಅವರ ಮನೆ 1961ರದು, ಅವರು ಬಿಟ್ಟು ಬಂದ ದಿನದ್ದು. ಮೈದುನ ಮುಂದುವರಿಸಿದ: "ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ವರ್ಷ ಇದ್ದವನು ನಾನು ಅತ್ತಿಗೆ. ಸೋರಿದ ಮಾಡಿಗೆ ಹಂಚು ಹೊದೆಸಿದ್ದು ನಾನು. ಅಜ್ಜನನ್ನು ಮಣ್ಣು ಮಾಡಿದ್ದು ನಾನು. ನೀವೆಲ್ಲ ಮೇ ತಿಂಗಳಲ್ಲಿ ಬಂದು ಹೋದಿರಿ. ಮಾರಿದ್ದು ಮಾತ್ರ ನಿಮಗೆ ಕಂಡಿತು." ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಹನ್ನೆರಡು ವರ್ಷ ಒಳಗಿಟ್ಟುಕೊಂಡಿದ್ದನ್ನು ಹೇಳಿದ, ಅಷ್ಟೆ.

ಊರು ಬಿಟ್ಟವರ ನೋವಿನ ಬಗ್ಗೆ ನಮ್ಮ ಸಂಘಗಳಲ್ಲಿ ಎಷ್ಟೋ ಭಾಷಣಗಳಾಗಿವೆ, ಎಷ್ಟೋ ಕವನಗಳು ಬಂದಿವೆ. ಊರಲ್ಲೇ ಉಳಿದವರು ಏನು ಹೊತ್ತರು ಎಂಬುದನ್ನು ನಾವು ಕೇಳಿದ್ದು ಕಡಿಮೆ. ನಾವು ಬಿಟ್ಟು ಬಂದ ದಿನಕ್ಕೇ ಊರನ್ನು ನಿಲ್ಲಿಸಿಬಿಡುತ್ತೇವೆ. ಅಲ್ಲಿ ಆಮೇಲೆ ಕಟ್ಟಿದ ಕೋಣೆ ನಮ್ಮ ನಕ್ಷೆಯಲ್ಲಿ ಇರುವುದಿಲ್ಲ.

ತಂಗಿಯ ಮಗಳಿಗೆ ಹೇಳಿದೆ. ಅವಳು ಅದೇ ತಗಡನ್ನು ಮತ್ತೆ ಮೇಣಕ್ಕೊಡ್ಡಿ, ಪಡುಬದಿಯಲ್ಲಿ ಆ ಕೋಣೆಯನ್ನು ಬರೆದು, ಮತ್ತೊಮ್ಮೆ ಆಮ್ಲದಲ್ಲಿಟ್ಟಳು. ಹೊಸ ಗೆರೆಗಳು ಹಳೆಯವಕ್ಕಿಂತ ತುಸು ಕಪ್ಪಾಗಿ ಬಂದವು. ಕೆಳಗೆ ಪೆನ್ಸಿಲಿನಲ್ಲಿ 'ಎರಡನೆಯ ಸ್ಥಿತಿ' ಎಂದು ಬರೆದಳು. ರೆಂಬ್ರಾಂಟನ ಚಿತ್ರಗಳಿಗೆ ಬರೆಯುವ ಹಾಗೆಯೇ. ಅದರ ಮೊದಲ ಪ್ರತಿಯನ್ನು ನನ್ನ ಯಜಮಾನರು ತಾವೇ ತೆಗೆದುಕೊಂಡು ಹೋಗಿ ತಮ್ಮನ ಕೈಗೆ ಕೊಟ್ಟು ಬಂದರು. ಅಣ್ಣತಮ್ಮ ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ. ಈಗ ಫೋನು ಹಬ್ಬಕ್ಕೆ ಮಾತ್ರ ಬರುವುದಲ್ಲ.

ಮುಂಬಯಿಯಲ್ಲಿ ಬದುಕಿ ಬಾಳಿದ ನಮ್ಮ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು (1911–1996) ಕೆಲವೇ ಗೆರೆಗಳಲ್ಲಿ ಜೀವ ತುಂಬಬಲ್ಲವರೆಂದು ಹೆಸರಾದವರು. ಎಲ್ಲರಿಗೂ ಆ ಕೈ ಇರುವುದಿಲ್ಲ. ಆಮ್ಲ, ತಗಡು, ಯಂತ್ರ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಆದರೆ ಒಂದು ಕಾಗದ, ಪೆನ್ಸಿಲು ಸಾಕು. ಮನೆಯಲ್ಲಿ ಹಿರಿಯರಿದ್ದರೆ ಅವರ ಪಕ್ಕ ಕುಳಿತು ಕೇಳಿ ಬರೆದುಕೊಳ್ಳಿ: ಬಾವಿ ಯಾವ ಬದಿಗಿತ್ತು, ಏಣಿ ಎಲ್ಲಿತ್ತು, ಹೆರಿಗೆಯ ಕೋಣೆ ಯಾವುದು. ಬರೆದದ್ದನ್ನು ಊರಲ್ಲಿ ಉಳಿದವರಿಗೂ ಒಮ್ಮೆ ತೋರಿಸಿ, ಏನು ಬಿಟ್ಟುಹೋಗಿದೆ ಎಂದು ಕೇಳಿ.

ಅತ್ತೆ ತೀರಿಕೊಂಡು ಈಗ ಎರಡು ವರ್ಷ. ತಗಡಿಗೆ ಹವೆ ತಗಲದಂತೆ ಲೇಪ ಬಳಿದು, ಅವರ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಪಾತ್ರೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ಇನ್ನೂ ಇಪ್ಪತ್ತು ಪ್ರತಿಗಳನ್ನಾದರೂ ತೆಗೆಯಬಹುದಂತೆ. ಬರುವ ವೈಶಾಖದಲ್ಲಿ ಮೈದುನನ ಮಗಳ ಮದುವೆ. ಅವಳು ಹುಟ್ಟಿದ್ದು ಆ ಪಡುಬದಿಯ ಕೋಣೆಯಲ್ಲಿ. ಅವಳಿಗೊಂದು ಪ್ರತಿ ತೆಗೆಸಬೇಕು.